ಟೋನ್‌ಆರ್ಮ್: ರೆಕಾರ್ಡ್ ಪ್ಲೇಯರಿನ ತೋಳನ್ನು ಬದಲಾಯಿಸುವುದು ಯಾವಾಗ ಸಾರ್ಥಕ?

ಗ್ರಾಮಫೋನ್ ತಟ್ಟೆಯ ಹೊರ ಅಂಚಿನಿಂದ ನಡುವಿನ ಲೇಬಲ್‌ವರೆಗೆ ಮುಳ್ಳನ್ನು ಹೊತ್ತು ಸಾಗುವ ತೋಳಿಗೆ ಟೋನ್‌ಆರ್ಮ್ ಎಂದು ಹೆಸರು. ಹಳೆಯ ರೆಕಾರ್ಡ್ ಪ್ಲೇಯರನ್ನು ಉಳಿಸಿಕೊಂಡವರಿಗೂ ಹೊಸದನ್ನು ಕೊಂಡವರಿಗೂ ಒಂದಲ್ಲ ಒಂದು ದಿನ ಒಂದು ಪ್ರಶ್ನೆ ಎದುರಾಗುತ್ತದೆ: ಇರುವ ತೋಳನ್ನು ತೆಗೆದು ಹೆಚ್ಚಿನ ಬೆಲೆಯ ತೋಳನ್ನು ಕೂರಿಸಿದರೆ ಕೊಟ್ಟ ಹಣಕ್ಕೆ ತಕ್ಕ ಫಲ ದೊರೆಯುತ್ತದೆಯೆ? ಬಹುಪಾಲು ಮನೆಗಳಲ್ಲಿ ದೊರೆಯುವುದಿಲ್ಲ. ಮುಳ್ಳು, ಜೋಡಣೆ ಮತ್ತು ತಟ್ಟೆಯ ಶುಚಿತ್ವ ಸರಿಯಾದ ಮೇಲೆ ಮಾತ್ರ ತೋಳಿನ ಸರದಿ ಬರುತ್ತದೆ. ಈ ಕ್ರಮಕ್ಕೆ ಕಾರಣವೇನೆಂಬುದು ತೋಳಿನ ಕೆಲಸವನ್ನು ಅರಿತರೆ ಸ್ಪಷ್ಟವಾಗುತ್ತದೆ.

ತೋಳಿನ ರಚನೆ

ಟೋನ್‌ಆರ್ಮ್‌ನಲ್ಲಿ ನಾಲ್ಕು ಮುಖ್ಯ ಭಾಗಗಳಿವೆ. ಮುಂತುದಿಯಲ್ಲಿರುವ ಹೆಡ್‌ಶೆಲ್‌ಗೆ ಕಾರ್ಟ್ರಿಜ್ ಎಂಬ ಪುಟ್ಟ ಪೆಟ್ಟಿಗೆಯನ್ನು ತಿರುಪಿನಿಂದ ಬಿಗಿದಿರುತ್ತಾರೆ. ಮುಳ್ಳು ಇರುವುದು ಈ ಕಾರ್ಟ್ರಿಜ್‌ನಲ್ಲಿ. ಹೆಡ್‌ಶೆಲ್‌ನಿಂದ ಹಿಂದಕ್ಕೆ ಟೊಳ್ಳಾದ ಕೊಳವೆ ಸಾಗುತ್ತದೆ; ಸಂಕೇತವನ್ನು ಒಯ್ಯುವ ತೆಳು ತಂತಿಗಳು ಅದರೊಳಗಿರುತ್ತವೆ. ಕೊಳವೆಯ ಹಿಂಭಾಗದಲ್ಲಿ ತಿರುಗಣಿ ಇದೆ. ತೋಳು ಮೇಲೆ ಕೆಳಗೆ ಹಾಗೂ ಅಡ್ಡಲಾಗಿ ಚಲಿಸುವಂತೆ ಅಲ್ಲಿ ಸೂಕ್ಷ್ಮ ಬೇರಿಂಗ್‌ಗಳನ್ನು ಅಳವಡಿಸಿರುತ್ತಾರೆ. ತಿರುಗಣಿಯ ಆಚೆ ಪ್ರತಿಭಾರ ಇರುತ್ತದೆ. ಏತದ ಮರದಲ್ಲಿ ಒಂದು ಬದಿಯ ಬಾನಿಗೆ ಇನ್ನೊಂದು ಬದಿಯ ಭಾರ ಸರಿತೂಗುವಂತೆ, ಕಾರ್ಟ್ರಿಜ್‌ನ ತೂಕಕ್ಕೆ ಪ್ರತಿಭಾರ ಸರಿತೂಗುತ್ತದೆ. ಪ್ರತಿಭಾರವನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿದರೆ ಮುಳ್ಳು ತಟ್ಟೆಯ ಮೇಲೆ ನಿಗದಿತ ಭಾರವನ್ನು ಊರುತ್ತದೆ.

ಚಾವಿ ಕೊಡುವ ಹಳೆಯ ಗ್ರಾಮಫೋನಿನಲ್ಲಿ ಟೊಳ್ಳಾದ ತೋಳೇ ಧ್ವನಿಯ ದಾರಿಯಾಗಿತ್ತು. ಮುಳ್ಳಿನ ಕಂಪನವು ಸೌಂಡ್‌ಬಾಕ್ಸ್‌ನ ಪೊರೆಯನ್ನು ಅಲುಗಿಸಿ, ಹುಟ್ಟಿದ ಶಬ್ದವು ತೋಳಿನ ಮೂಲಕ ಕಹಳೆಗೆ ಹೋಗುತ್ತಿತ್ತು. ವಿದ್ಯುತ್ ಕಾರ್ಟ್ರಿಜ್ ಬಂದ ಮೇಲೆ ಆ ಹೊಣೆ ತಂತಿಗಳಿಗೆ ವರ್ಗಾವಣೆಯಾಯಿತು. ಇಂದಿನ ತೋಳು ಧ್ವನಿಯನ್ನು ಉತ್ಪಾದಿಸುವುದೂ ಇಲ್ಲ, ಸುಧಾರಿಸುವುದೂ ಇಲ್ಲ. ಕಾರ್ಟ್ರಿಜ್ ಅನ್ನು ಸರಿಯಾದ ಜಾಗದಲ್ಲಿ, ಸರಿಯಾದ ಕೋನದಲ್ಲಿ, ಅಲುಗದಂತೆ ಹಿಡಿಯುವುದಷ್ಟೇ ಅದರ ಕರ್ತವ್ಯ. ಆದ್ದರಿಂದ ಒಳ್ಳೆಯ ತೋಳು ಕೊಡುವ ಲಾಭಕ್ಕೆ ಒಂದು ಮಿತಿ ಇದೆ: ಕೆಟ್ಟ ತೋಳು ಮಾಡುವ ಹಾನಿಯನ್ನು ಅದು ತಪ್ಪಿಸುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಸೇರಿಸುವುದಿಲ್ಲ.

ಮಂಡ್ಯ ಸೀಮೆಯಲ್ಲಿ ಗ್ರಾಮಫೋನ್

ತೋಳು ಓದಬೇಕಾದ ಹಳೆಯ ತಟ್ಟೆಗಳು ನಮ್ಮ ಸೀಮೆಯಲ್ಲಿ ಹೇಗೆ ಬಳಕೆಯಾದವು ಎಂಬುದನ್ನೂ ನೋಡಬೇಕು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರ ಜೂನ್‌ನಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಗೌಹರ್ ಜಾನ್ ಅವರ ಗಾಯನವನ್ನು ಧ್ವನಿಮುದ್ರಿಸಿದ. ಈ ಗಾಯಕಿ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿ ನಿಧನರಾದರು. ಮಂಡ್ಯ, ಮದ್ದೂರು, ಮಳವಳ್ಳಿ ಆಗ ಮೈಸೂರು ಜಿಲ್ಲೆಗೆ ಸೇರಿದ್ದವು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ.

ಈ ಭಾಗದ ಜನರಿಗೆ ತಟ್ಟೆಯ ಸಂಗೀತ ತಲುಪಿದ್ದು ಮನೆಯ ಯಂತ್ರಕ್ಕಿಂತ ಹೆಚ್ಚಾಗಿ ಊರಿನ ಧ್ವನಿವರ್ಧಕದ ಮೂಲಕ. ಮದುವೆ, ಜಾತ್ರೆ, ನಾಟಕಗಳಿಗೆ ಮೈಕ್‌ಸೆಟ್ಟಿನವರು ಪ್ಲೇಟುಗಳ ಪೆಟ್ಟಿಗೆಯೊಂದಿಗೆ ಬರುತ್ತಿದ್ದರು. ಟೂರಿಂಗ್ ಟಾಕೀಸಿನಲ್ಲಿ ಘಂಟಸಾಲ ಅವರ ‘ನಮೋ ವೆಂಕಟೇಶ’ ತಟ್ಟೆ ಕೇಳಿಸಿದರೆ ಆಟ ಶುರುವಾಗುತ್ತದೆ ಎಂದು ಸುತ್ತಲಿನ ಹಳ್ಳಿಗಳಿಗೆ ತಿಳಿಯುತ್ತಿತ್ತು. ಟಿ. ಚೌಡಯ್ಯನವರ ಪಿಟೀಲು, ಪಿ. ಕಾಳಿಂಗರಾಯರ ಭಾವಗೀತೆ, ಚಿತ್ರಗೀತೆಗಳು ಈ ದಾರಿಯಿಂದಲೇ ಪ್ರಚಾರ ಪಡೆದವು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಮೊದಲು ತೆರೆಗೆ ಬಂದ ‘ನಾಗರಹಾವು’ ಚಿತ್ರದ, 1972ರ ವಿಜಯಭಾಸ್ಕರ್ ಸಂಗೀತವೂ ತಟ್ಟೆಯ ಕಾಲದ್ದು.

ಈ ಇತಿಹಾಸಕ್ಕೂ ತೋಳಿನ ಪ್ರಶ್ನೆಗೂ ನೇರ ಸಂಬಂಧವಿದೆ. ಬಯಲಿನಲ್ಲಿ ಬಳಸುವ ಯಂತ್ರದಲ್ಲಿ ಮುಳ್ಳು ಹಾರಬಾರದೆಂದು ಹೆಚ್ಚು ಭಾರ ಹಾಕುತ್ತಿದ್ದರು; ಧೂಳಿಗೆ ರಕ್ಷಣೆ ಇರುತ್ತಿರಲಿಲ್ಲ; ಸವೆದ ಮುಳ್ಳೇ ಮುಂದುವರಿಯುತ್ತಿತ್ತು. ಹಾಗೆ ನೂರಾರು ಸಲ ಉರುಳಿದ ತಟ್ಟೆಯಲ್ಲಿ ಧ್ವನಿಯನ್ನು ಹಿಡಿದಿಟ್ಟ ಗೀರು ಶಾಶ್ವತವಾಗಿ ಸವೆದಿರುತ್ತದೆ. ಅಳಿಸಿಹೋದ ಧ್ವನಿಯನ್ನು ಯಾವ ಬೆಲೆಯ ತೋಳೂ ಮರಳಿ ತರಲಾರದು. ಸಂಗ್ರಹದ ಬಹುಭಾಗ ಇಂಥ ತಟ್ಟೆಗಳೇ ಆಗಿದ್ದರೆ, ತೋಳಿಗೆ ಹಣ ಹಾಕುವ ಬದಲು ಅದೇ ಹಾಡಿನ ಒಳ್ಳೆಯ ಪ್ರತಿಯನ್ನು ಹುಡುಕುವುದು ಹೆಚ್ಚು ಫಲದಾಯಕ.

ಮುಳ್ಳು ಓದುವ ಗೀರು

1948ರಲ್ಲಿ ಬಂದ ಎಲ್‌ಪಿ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. 22 ನಿಮಿಷದ ಒಂದು ಬದಿಯಲ್ಲಿ ಸುಮಾರು 730 ಸುತ್ತಿನ ಒಂದೇ ಗೀರು ಇರುತ್ತದೆ. ಅದನ್ನು ಬಿಚ್ಚಿ ಉದ್ದಕ್ಕೆ ಎಳೆದರೆ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಆಗುತ್ತದೆ. ಗೀರಿನ ಅಗಲ ಸುಮಾರು 0.05 ಮಿಲಿಮೀಟರ್. ಅದರ ಎರಡು ಗೋಡೆಗಳು ಪರಸ್ಪರ 90 ಡಿಗ್ರಿ ಕೋನದಲ್ಲಿವೆ. ಸ್ಟೀರಿಯೋ ತಟ್ಟೆಯಲ್ಲಿ ಒಳಗೋಡೆ ಎಡ ಸ್ಪೀಕರಿನ ಧ್ವನಿಯನ್ನೂ ಹೊರಗೋಡೆ ಬಲ ಸ್ಪೀಕರಿನ ಧ್ವನಿಯನ್ನೂ ಹೊತ್ತಿರುತ್ತದೆ.

ತಟ್ಟೆಯ ಹೊರ ಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಸಾಗಿದರೆ, ಕೊನೆಯ ಹಾಡಿನ ಹೊತ್ತಿಗೆ ಆ ವೇಗ 21 ಸೆಂಟಿಮೀಟರಿಗೆ ಇಳಿದಿರುತ್ತದೆ. ಅಷ್ಟೇ ಸಮಯದ ಧ್ವನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಅಡಕಬೇಕಾದುದರಿಂದ ಒಳಗಿನ ಸುತ್ತುಗಳನ್ನು ಓದುವುದು ಕಷ್ಟ. ಜೋಡಣೆಯ ದೋಷ ಮೊದಲು ಕೇಳಿಸುವುದು ಅಲ್ಲಿಯೇ. ಹಾಡಿನ ಸ, ಶ, ಚ ಅಕ್ಷರಗಳು ಒಡೆದಂತೆ, ಉಗುಳಿದಂತೆ ಕೇಳಿಸುತ್ತವೆ.

ಕೋನದ ದೋಷ ಮತ್ತು ಅದರ ಪರಿಹಾರ

ಮೂಲ ತಟ್ಟೆಯನ್ನು ಕೊರೆಯುವ ಯಂತ್ರದಲ್ಲಿ ಕೊರೆಯುವ ಉಳಿ ಅಂಚಿನಿಂದ ಕೇಂದ್ರದ ಕಡೆಗೆ ಸರಳರೇಖೆಯಲ್ಲಿ ಚಲಿಸುತ್ತದೆ. ಮನೆಯ ಪ್ಲೇಯರಿನ ತೋಳು ಒಂದು ತಿರುಗಣಿಯ ಸುತ್ತ ಕಂಸಾಕಾರದಲ್ಲಿ ಚಲಿಸುತ್ತದೆ. ಹೀಗಾಗಿ ಕಾರ್ಟ್ರಿಜ್ ಗೀರಿನ ಸ್ಪರ್ಶಕಕ್ಕೆ ಎಲ್ಲೆಡೆ ನೇರವಾಗಿರಲು ಸಾಧ್ಯವಿಲ್ಲ. 9 ಅಂಗುಲದ ನೇರ ತೋಳಿನ ಮುಳ್ಳು ತಟ್ಟೆಯ ಕೇಂದ್ರದ ಮೇಲೆಯೇ ಹಾಯುವಂತೆ ಕೂರಿಸಿದರೆ, ಈ ದೋಷ ಹೊರ ಅಂಚಿನಲ್ಲಿ 18 ಡಿಗ್ರಿಯನ್ನೂ ಒಳ ಅಂಚಿನಲ್ಲಿ 7 ಡಿಗ್ರಿಯನ್ನೂ ಮೀರುತ್ತದೆ.

ಇದಕ್ಕೆ ಗಣಿತದಿಂದ ಪರಿಹಾರ ದೊರೆಯಿತು. ಪರ್ಸಿ ವಿಲ್ಸನ್ 1924ರಲ್ಲಿ, ಎರಿಕ್ ಲೋಫ್‌ಗ್ರೆನ್ 1938ರಲ್ಲಿ, ಬೇರ್‌ವಾಲ್ಡ್ 1941ರಲ್ಲಿ ಈ ಜ್ಯಾಮಿತಿಯನ್ನು ಬೆಳೆಸಿದರು. ಮುಳ್ಳು ಕೇಂದ್ರವನ್ನು ಸುಮಾರು 14ರಿಂದ 18 ಮಿಲಿಮೀಟರ್ ದಾಟುವಂತೆ ತೋಳನ್ನು ಕೂರಿಸಿ, ಕಾರ್ಟ್ರಿಜ್ ಅನ್ನು 22ರಿಂದ 24 ಡಿಗ್ರಿ ಒಳಕ್ಕೆ ಓರೆಯಾಗಿಸಿದರೆ ದೋಷ ಸುಮಾರು 2 ಡಿಗ್ರಿಯೊಳಗೆ ಉಳಿಯುತ್ತದೆ. ಕೇಂದ್ರದಿಂದ ಸುಮಾರು 66 ಮತ್ತು 121 ಮಿಲಿಮೀಟರ್ ದೂರದ ಎರಡು ಬಿಂದುಗಳಲ್ಲಿ ದೋಷ ಸೊನ್ನೆಯಾಗುತ್ತದೆ. ಎಸ್ ಆಕಾರದ ತೋಳು, ಜೆ ಆಕಾರದ ತೋಳು, ತುದಿಯಲ್ಲಿ ಮಾತ್ರ ಓರೆಯಾದ ನೇರ ತೋಳು, ಇವುಗಳ ನೋಟ ಬೇರೆಯಾದರೂ ಮುಳ್ಳಿನ ಜಾಗ ಒಂದೇ ಆಗಿದ್ದರೆ ಜ್ಯಾಮಿತಿಯೂ ಒಂದೇ.

12 ಅಂಗುಲದ ಉದ್ದ ತೋಳಿನಲ್ಲಿ ಗರಿಷ್ಠ ದೋಷ ಸುಮಾರು ಒಂದೂವರೆ ಡಿಗ್ರಿಗೆ ಇಳಿಯುತ್ತದೆ. ಈ ಲಾಭವನ್ನು ಜೋಡಣೆಯ ತಪ್ಪಿನೊಂದಿಗೆ ಹೋಲಿಸಿ ನೋಡಬೇಕು. ಮುಳ್ಳು ತನ್ನ ಸರಿಯಾದ ಜಾಗದಿಂದ 1 ಮಿಲಿಮೀಟರ್ ತಪ್ಪಿದರೆ ಕೊನೆಯ ಹಾಡಿನ ಭಾಗದಲ್ಲಿ ಕೋನ ಸುಮಾರು 1 ಡಿಗ್ರಿ ಬದಲಾಗುತ್ತದೆ. ದುಬಾರಿ ತೋಳು ತಂದ ಅರ್ಧ ಡಿಗ್ರಿಯ ಲಾಭವನ್ನು ಒಂದು ತಿರುಪಿನ ಅಜಾಗ್ರತೆ ನುಂಗಿಬಿಡುತ್ತದೆ. ಸಾಧಾರಣ ತೋಳು ಸರಿಯಾಗಿ ಜೋಡಣೆಯಾದರೆ ತಪ್ಪಾಗಿ ಜೋಡಿಸಿದ ಉತ್ತಮ ತೋಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಒಳಸೆಳೆತ

ಕಾರ್ಟ್ರಿಜ್ ಓರೆಯಾಗಿರುವುದರಿಂದ ಗೀರಿನ ಘರ್ಷಣೆ ತೋಳನ್ನು ತಟ್ಟೆಯ ಕೇಂದ್ರದ ಕಡೆಗೆ ಎಳೆಯುತ್ತದೆ. ಈ ಒಳಸೆಳೆತ ಮುಳ್ಳಿನ ಭಾರದ ಹತ್ತನೇ ಒಂದು ಭಾಗದಷ್ಟು ಇರುತ್ತದೆ. ಅದನ್ನು ತಡೆಯದಿದ್ದರೆ ಮುಳ್ಳು ಒಳಗೋಡೆಯನ್ನು ಹೆಚ್ಚು ಒತ್ತಿ ಹೊರಗೋಡೆಯ ಹಿಡಿತವನ್ನು ಕಳೆದುಕೊಳ್ಳುತ್ತದೆ. ಬಲ ಸ್ಪೀಕರಿನ ಧ್ವನಿ ಮೊದಲು ಒಡೆಯುತ್ತದೆ. ಸ್ಪ್ರಿಂಗು, ಅಯಸ್ಕಾಂತ ಅಥವಾ ದಾರಕ್ಕೆ ಕಟ್ಟಿದ ಪುಟ್ಟ ತೂಕದಿಂದ ತೋಳನ್ನು ಹೊರಕ್ಕೆ ಸ್ವಲ್ಪ ಎಳೆಯುವ ಏರ್ಪಾಡಿಗೆ ಆಂಟಿಸ್ಕೇಟಿಂಗ್ ಎನ್ನುತ್ತಾರೆ. ಹಲವು ಪ್ಲೇಯರುಗಳಲ್ಲಿ ಈ ಏರ್ಪಾಡು ಇದ್ದೂ ಅದರ ಗುಂಡಿ ಸೊನ್ನೆಯಲ್ಲೇ ಉಳಿದಿರುತ್ತದೆ. ಆ ದೋಷವನ್ನು ನೀಗಲು ಒಂದು ರೂಪಾಯಿಯೂ ಬೇಡ.

ಅನುರಣನೆ: ತೋಳು ಮತ್ತು ಕಾರ್ಟ್ರಿಜ್‌ನ ಹೊಂದಾಣಿಕೆ

ಮುಳ್ಳನ್ನು ಹಿಡಿದಿರುವ ಕಡ್ಡಿ ರಬ್ಬರಿನ ಮೇಲೆ ಬಳುಕುತ್ತದೆ. ಒಂದು ಬದಿಯಲ್ಲಿ ಬಳುಕುವ ಕಡ್ಡಿ, ಇನ್ನೊಂದು ಬದಿಯಲ್ಲಿ ತೋಳಿನ ದ್ರವ್ಯರಾಶಿ ಇರುವುದರಿಂದ ಎರಡೂ ಸೇರಿ ಒಂದು ನಿಶ್ಚಿತ ಆವೃತ್ತಿಯಲ್ಲಿ ಅನುರಣಿಸುತ್ತವೆ. ತೋಳು, ಕಾರ್ಟ್ರಿಜ್ ಮತ್ತು ತಿರುಪುಗಳ ಒಟ್ಟು ಪರಿಣಾಮಕ ದ್ರವ್ಯರಾಶಿಯನ್ನು ಗ್ರಾಂನಲ್ಲಿ ತೆಗೆದುಕೊಂಡು, ಕಾರ್ಟ್ರಿಜ್‌ನ ಬಳುಕಿನ ಅಂಕದಿಂದ ಗುಣಿಸಿ, ಬಂದ ಸಂಖ್ಯೆಯ ವರ್ಗಮೂಲದಿಂದ 159ನ್ನು ಭಾಗಿಸಿದರೆ ಆ ಆವೃತ್ತಿ ಹರ್ಟ್ಜ್‌ನಲ್ಲಿ ಸಿಗುತ್ತದೆ. ಬಳುಕಿನ ಅಂಕವೆಂದರೆ ಒಂದು ಮಿಲಿನ್ಯೂಟನ್ ಬಲಕ್ಕೆ ಮುಳ್ಳು ಎಷ್ಟು ಮೈಕ್ರೋಮೀಟರ್ ಸರಿಯುತ್ತದೆ ಎಂಬ ಅಳತೆ. ತಯಾರಕರು ಅದನ್ನು ಕಾರ್ಟ್ರಿಜ್‌ನ ವಿವರಪತ್ರದಲ್ಲಿ ನಮೂದಿಸುತ್ತಾರೆ.

ಸೊಟ್ಟಾದ ತಟ್ಟೆಯ ಏರಿಳಿತ ಬಹುತೇಕ 6 ಹರ್ಟ್ಜ್‌ಗಿಂತ ಕೆಳಗಿರುತ್ತದೆ. ಸಂಗೀತದ ಕೆಳಮಿತಿ 20 ಹರ್ಟ್ಜ್. ಆದ್ದರಿಂದ ಅನುರಣನೆ ಇವೆರಡರ ನಡುವೆ, 8ರಿಂದ 12 ಹರ್ಟ್ಜ್‌ನಲ್ಲಿ ಬೀಳುವುದು ಒಳ್ಳೆಯದು. ಒಟ್ಟು 18 ಗ್ರಾಂ ದ್ರವ್ಯರಾಶಿಯೂ 10 ಅಂಕದ ಬಳುಕೂ ಸೇರಿದರೆ ಅನುರಣನೆ ಸುಮಾರು 11.9 ಹರ್ಟ್ಜ್, ಹೊಂದಾಣಿಕೆ ಸರಿಯಾಗಿದೆ. ಅದೇ ತೋಳಿಗೆ ಅಷ್ಟೇ ತೂಕದ, 25 ಅಂಕದ ಮೃದು ಕಾರ್ಟ್ರಿಜ್ ಹಾಕಿದರೆ ಅನುರಣನೆ 7.5 ಹರ್ಟ್ಜ್‌ಗೆ ಇಳಿದು, ತಟ್ಟೆಯ ಸೊಟ್ಟಿಗೆಲ್ಲ ತೋಳು ತೂಗಾಡುತ್ತದೆ. ತೋಳು ಹಗುರವಾದಷ್ಟೂ ಒಳ್ಳೆಯದು ಅಥವಾ ಭಾರವಾದಷ್ಟೂ ಒಳ್ಳೆಯದು ಎಂಬ ಮಾತಿಗೆ ಹೀಗಾಗಿ ಅರ್ಥವಿಲ್ಲ. ಹೊಂದುವ ತೋಳು ಒಳ್ಳೆಯ ತೋಳು. ಬೇಸಗೆಯಲ್ಲಿ ತಟ್ಟೆಗಳು ಬೇಗ ಸೊಟ್ಟಾಗುವ ನಮ್ಮ ಹವೆಯಲ್ಲಿ ಈ ಲೆಕ್ಕಕ್ಕೆ ಹೆಚ್ಚಿನ ಮಹತ್ವವಿದೆ.

ಹಣ ಮೊದಲು ಎಲ್ಲಿಗೆ

ಸಾಮಾನ್ಯ ಪ್ಲೇಯರಿನಲ್ಲಿ ಧ್ವನಿಯ ದೋಷಗಳು ತೋಳಿಗಿಂತ ಮೊದಲು ಬೇರೆಡೆ ಹುಟ್ಟುತ್ತವೆ. ಮೊದಲನೆಯದು ಮುಳ್ಳು. ವಜ್ರದ ಮುಳ್ಳು ಕೂಡ 500ರಿಂದ 1000 ಗಂಟೆಗಳ ಬಳಕೆಯಲ್ಲಿ ಸವೆಯುತ್ತದೆ. ಸವೆದ ಮುಳ್ಳು ಕೆಟ್ಟದಾಗಿ ಓದುವುದಲ್ಲದೆ ಗೀರನ್ನೂ ಕೊರೆಯುತ್ತದೆ. ಶಂಕುವಿನ ತುದಿಯ ಮುಳ್ಳಿನಿಂದ ಅಂಡಾಕೃತಿಯ ತುದಿಯ ಮುಳ್ಳಿಗೆ ಬದಲಾದರೆ ಒಳಸುತ್ತುಗಳ ಸ್ಪಷ್ಟತೆ ತಕ್ಷಣ ಕೇಳಿಸುವಷ್ಟು ಹೆಚ್ಚುತ್ತದೆ.

ಎರಡನೆಯದು ಶುಚಿತ್ವ. ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಗಳ ಹೊಗೆ, ರಸ್ತೆಯ ಧೂಳು, ಮಳೆಗಾಲದ ತೇವದಿಂದ ಹಿಡಿಯುವ ಬೂಷ್ಟು ಇವೆಲ್ಲ ಗೀರಿನಲ್ಲಿ ಕೂರುತ್ತವೆ. ನೂಲಿನ ಎಳೆ ಬಿಡದ ಮೃದು ಬಟ್ಟೆ ಮತ್ತು ಬಟ್ಟಿ ಇಳಿಸಿದ ನೀರಿನಿಂದ ಒರೆಸಿದ ತಟ್ಟೆ, ದುಬಾರಿ ತೋಳಿನ ಕೆಳಗಿನ ಕೊಳಕು ತಟ್ಟೆಗಿಂತ ಚೆನ್ನಾಗಿ ಹಾಡುತ್ತದೆ. ಅರಗಿನಿಂದ ಮಾಡಿದ 78 ಸುತ್ತಿನ ತಟ್ಟೆಗಳಿಗೆ ಮಾತ್ರ ಮದ್ಯಸಾರ ಬೆರೆಸಿದ ದ್ರಾವಣವನ್ನು ತಾಗಿಸಬಾರದು. ಅರಗು ಅದರಲ್ಲಿ ಕರಗುತ್ತದೆ.

ಮೂರನೆಯದು ಜೋಡಣೆ. ಗಾರೆಯವರು ಬಳಸುವ ರಸಮಟ್ಟದಿಂದ ತಿರುಗುಪೀಠ ಸಮತಟ್ಟಾಗಿದೆಯೆ ಎಂದು ನೋಡಬೇಕು. ಮುದ್ರಿತ ಕೋನಮಾಪಕದಿಂದ ಕಾರ್ಟ್ರಿಜ್‌ನ ಓರೆಯನ್ನು ಸರಿಪಡಿಸಬೇಕು. ಸಣ್ಣ ತಕ್ಕಡಿಯಿಂದ ಮುಳ್ಳಿನ ಭಾರವನ್ನು ತೂಗಬೇಕು. ಇಂದಿನ ಅಯಸ್ಕಾಂತೀಯ ಕಾರ್ಟ್ರಿಜ್‌ಗಳಿಗೆ ಅದು ಸಾಮಾನ್ಯವಾಗಿ 1.5ರಿಂದ 2.5 ಗ್ರಾಂ. ಭಾರ ಕಡಿಮೆಯಾದರೆ ತಟ್ಟೆಗೆ ಒಳ್ಳೆಯದೆಂಬ ನಂಬಿಕೆ ತಪ್ಪು. ಹಗುರವಾದ ಮುಳ್ಳು ಗೀರಿನಲ್ಲಿ ಪುಟಿದು ಗೋಡೆಗಳಿಗೆ ಏಟು ಹಾಕುತ್ತದೆ.

ನಾಲ್ಕನೆಯದು ವೇಗ. ಪಿಟೀಲು, ವೀಣೆಯ ದೀರ್ಘ ಸ್ವರ ತೂಗಿದಂತೆ ಕೇಳಿಸಿದರೆ ಸಡಿಲವಾದ ಬೆಲ್ಟು, ಮೋಟಾರು ಅಥವಾ ತಟ್ಟೆಯ ರಂಧ್ರ ಕೇಂದ್ರದಿಂದ ಸರಿದಿರುವುದು ಕಾರಣವಾಗಿರಬಹುದು. ಶ್ರುತಿಯ ಈ ಅಲುಗಾಟವನ್ನು ತೋಳು ನಿವಾರಿಸಲಾರದು.

ಇರುವ ತೋಳನ್ನು ಪರೀಕ್ಷಿಸುವ ಕ್ರಮ

ಮುಳ್ಳಿಗೆ ಮುಚ್ಚಳ ಹಾಕಿ, ಒಳಸೆಳೆತದ ಗುಂಡಿಯನ್ನು ಸೊನ್ನೆಗಿಟ್ಟು, ತೋಳು ಗಾಳಿಯಲ್ಲಿ ಸಮತೋಲದಲ್ಲಿ ನಿಲ್ಲುವಂತೆ ಪ್ರತಿಭಾರವನ್ನು ಹೊಂದಿಸಬೇಕು. ಮೆಲ್ಲಗೆ ಊದಿದರೆ ಆರೋಗ್ಯವಂತ ತೋಳು ತಡೆಯಿಲ್ಲದೆ ತೇಲುತ್ತದೆ. ತಡೆದು ತಡೆದು ಚಲಿಸಿದರೆ ಬೇರಿಂಗ್‌ನಲ್ಲಿ ಘರ್ಷಣೆ ಇದೆ. ಬಳಿಕ ಹೆಡ್‌ಶೆಲ್ ಅನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಅತಿ ಮೃದುವಾಗಿ ಅಲುಗಿಸಬೇಕು. ಟಿಕ್ ಎಂಬ ಸಡಿಲ ತಿಳಿದುಬಂದರೆ ಬೇರಿಂಗ್ ಸವೆದಿದೆ ಎಂದರ್ಥ. ಒಂದು ಸ್ಪೀಕರ್ ಮಾತ್ರ ಕೇಳಿಸದಿದ್ದರೆ ಅಥವಾ ಗುಂಯ್ ಎಂಬ ಸದ್ದು ಬಂದರೆ ತಂತಿಯ ಬೆಸುಗೆಯನ್ನು ನೋಡಬೇಕು. ಊರಿನ ರೇಡಿಯೋ ರಿಪೇರಿಯವರೂ ಅದನ್ನು ಸರಿಪಡಿಸಬಲ್ಲರು. ಇಷ್ಟರಲ್ಲೂ ತೋಳು ತೇರ್ಗಡೆಯಾದರೆ ಅದನ್ನು ಬದಲಾಯಿಸುವ ಅಗತ್ಯವಿಲ್ಲ.

ಬದಲಾವಣೆ ಸಾರ್ಥಕವಾಗುವ ಸಂದರ್ಭಗಳು

ಎಲ್ಲ ಪ್ಲೇಯರುಗಳೂ ಹೊಸ ತೋಳನ್ನು ಸ್ವೀಕರಿಸುವುದಿಲ್ಲ. ಎಚ್‌ಎಂವಿ ಫಿಯೆಸ್ಟಾದಂಥ ಹಳೆಯ ಕೈಪೆಟ್ಟಿಗೆಯ ಪ್ಲೇಯರುಗಳಲ್ಲಿಯೂ ಇಂದಿನ ಅಗ್ಗದ ಸೂಟ್‌ಕೇಸ್ ಮಾದರಿಗಳಲ್ಲಿಯೂ ತೋಳು, ಕಾರ್ಟ್ರಿಜ್, ಮೋಟಾರು ಒಂದೇ ತೆಳು ಹಲಗೆಗೆ ಸೇರಿಕೊಂಡಿವೆ. ಅವುಗಳಿಗೆ ಬೇರೆ ತೋಳು ಹಾಕುವ ಯೋಚನೆ ವ್ಯರ್ಥ. ಬೇರೆಯಾಗಿ ಮಾರುವ ಉತ್ತಮ ತೋಳಿಗೆ ಹತ್ತಾರು ಸಾವಿರ ರೂಪಾಯಿ ಬೀಳುತ್ತದೆ. ಆಮದು ಸುಂಕ, ತೋಳನ್ನು ಕೂರಿಸುವ ಹಲಗೆಯ ಕೊರೆತ, ಅಳತೆ ಹಾಗೂ ಜೋಡಣೆಯ ಶ್ರಮ ಇದರ ಮೇಲೆ ಸೇರುತ್ತವೆ. ಅಷ್ಟು ಹಣಕ್ಕೆ ಒಳ್ಳೆಯ ತೋಳು ಸಮೇತ ಹೊಸ ಪ್ಲೇಯರೇ ಬರುವಾಗ ಹಳೆಯ ಯಂತ್ರಕ್ಕೆ ಕಸಿ ಮಾಡುವುದು ಆರ್ಥಿಕವಾಗಿ ಸರಿಯಲ್ಲ. ಬ್ರಿಟನ್ನಿನ ರೇಗಾ ಸಂಸ್ಥೆ 1983ರಲ್ಲಿ ತಂದ ಆರ್‌ಬಿ 300 ತೋಳು ಒಂದೇ ಎರಕದ ಅಲ್ಯೂಮಿನಿಯಂ ಕೊಳವೆಯಿಂದ ಮಧ್ಯಮ ಬೆಲೆಯಲ್ಲೂ ಬಿಗಿಯಾದ ರಚನೆ ಸಾಧ್ಯವೆಂದು ತೋರಿಸಿತು. ಅಂದಿನಿಂದ ಮಧ್ಯಮ ದರ್ಜೆಯ ಪ್ಲೇಯರಿನ ಜೊತೆಗೇ ಬರುವ ತೋಳುಗಳ ಗುಣಮಟ್ಟ ಏರಿದೆ. ಬದಲಾಯಿಸುವ ಕಾರಣ ಅಷ್ಟೇ ಇಳಿದಿದೆ.

ಮೂರು ಸಂದರ್ಭಗಳಲ್ಲಿ ವೆಚ್ಚಕ್ಕೆ ಅರ್ಥವಿದೆ. ಮೊದಲನೆಯದು, ಗ್ಯಾರಾರ್ಡ್ 301, 401ರಂಥ ಗಟ್ಟಿಮುಟ್ಟಾದ, ಬೇರೆ ತೋಳು ಹಾಕಲೆಂದೇ ರೂಪಿಸಿದ ಯಂತ್ರ ಕೈಯಲ್ಲಿದ್ದು, ಅದರ ತೋಳು ಸವೆದಿರುವುದು ಅಥವಾ ಕಳೆದಿರುವುದು. ಎರಡನೆಯದು, ಒಳ್ಳೆಯ ಕಾರ್ಟ್ರಿಜ್ ಇದ್ದು ಅದರ ಬಳುಕಿಗೆ ತೋಳಿನ ದ್ರವ್ಯರಾಶಿ ಹೊಂದದಿರುವುದು; ಆಗಲೂ ಹೊಂದುವ ಕಾರ್ಟ್ರಿಜ್ ಕೊಳ್ಳುವುದು ಅಗ್ಗವೆ ಎಂದು ಮೊದಲು ಲೆಕ್ಕ ಹಾಕಬೇಕು.

ಮೂರನೆಯದು ನಮ್ಮ ಹಳೆಯ ಸಂಗ್ರಹಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. 78 ಸುತ್ತಿನ ತಟ್ಟೆಯ ಗೀರು ಎಲ್‌ಪಿಯ ಗೀರಿಗಿಂತ ಬಹಳ ಅಗಲ. ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರೋಮೀಟರ್ ಆದರೆ 78ಕ್ಕೆ 65ರಿಂದ 75 ಮೈಕ್ರೋಮೀಟರಿನ ಮುಳ್ಳು ಬೇಕು. ಭಾರವೂ 3ರಿಂದ 5 ಗ್ರಾಂ ಇರಬೇಕು. ಎಲ್‌ಪಿ ಮುಳ್ಳನ್ನು 78ರ ಮೇಲಿಟ್ಟರೆ ಅದು ಗೀರಿನ ತಳದ ಕೊಳೆಯಲ್ಲಿ ಉರುಳಾಡುತ್ತದೆ. ಎರಡೂ ಬಗೆಯ ತಟ್ಟೆಗಳನ್ನು ಕೇಳುವವರಿಗೆ ಹೆಡ್‌ಶೆಲ್ ಬಿಚ್ಚಿ ಹಾಕಬಹುದಾದ ತೋಳು ನಿಜವಾದ ಉಪಕಾರ: ಎರಡು ಹೆಡ್‌ಶೆಲ್‌ಗಳಲ್ಲಿ ಎರಡು ಕಾರ್ಟ್ರಿಜ್‌ಗಳನ್ನು ಸಿದ್ಧವಾಗಿಟ್ಟು, ಬದಲಾಯಿಸಿದಾಗಲೆಲ್ಲ ಭಾರವನ್ನು ಮತ್ತೆ ಹೊಂದಿಸಿಕೊಂಡರೆ ಸಾಕು. ಚೌಡಯ್ಯನವರ ಕಾಲದ 78 ತಟ್ಟೆಯನ್ನೂ ‘ನಾಗರಹಾವು’ ಕಾಲದ ತಟ್ಟೆಯನ್ನೂ ಒಂದೇ ಯಂತ್ರದಲ್ಲಿ ನ್ಯಾಯವಾಗಿ ಕೇಳಲು ಇದೇ ದಾರಿ. ಯಂತ್ರಕ್ಕೆ ಮಾತ್ರ 78 ಸುತ್ತಿನ ವೇಗವೂ ಇರಬೇಕು.

ನಿರ್ಣಯ

ಮುಳ್ಳು, ಶುಚಿತ್ವ, ಜೋಡಣೆ, ವೇಗ, ಆಮೇಲೆ ತೋಳು ಎಂಬುದು ವೆಚ್ಚದ ಸರಿಯಾದ ಕ್ರಮ. ಮೊದಲ ನಾಲ್ಕಕ್ಕೆ ತಗಲುವ ಹಣ ಸಾಮಾನ್ಯವಾಗಿ ತೋಳಿನ ಬೆಲೆಯ ಸಣ್ಣ ಪಾಲು. ಕೇಳಿಸುವ ಸುಧಾರಣೆಯಲ್ಲಿ ಅವುಗಳದೇ ದೊಡ್ಡ ಪಾಲು. ಅವೆಲ್ಲ ಸರಿಯಾದ ಮೇಲೂ ತೋಳಿನಲ್ಲಿ ಪರೀಕ್ಷೆಯಿಂದ ಸಿದ್ಧವಾದ ದೋಷ ಉಳಿದಿದ್ದರೆ, ಅಥವಾ ಸಂಗ್ರಹದ ತಟ್ಟೆಗಳು ಕೇಳುವ ಸೌಕರ್ಯ ಇರುವ ತೋಳಿನಲ್ಲಿ ಇಲ್ಲದಿದ್ದರೆ, ಹೊಸ ತೋಳಿಗೆ ಕೊಟ್ಟ ಹಣ ಸಾರ್ಥಕ. ದೋಷ ಯಾವುದೆಂದು ಹೇಳಲಾಗದೆ, ಬೆಲೆ ಹೆಚ್ಚೆಂಬ ಒಂದೇ ಕಾರಣಕ್ಕೆ ಕೊಂಡ ತೋಳು ಹಳೆಯ ತೋಳು ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತದೆ. ಅಂಥ ಹಣ ತಟ್ಟೆಗಳಿಗೆ ಸಲ್ಲುವುದು ಮೇಲು.